ಶಿವರಾತ್ರಿಯೊಳಗೆ ಒಂದು ಕೋಣೆ

ಕೊಟ್ಟೂರಪ್ಪ ನಿವೃತ್ತರಾಗಿ ದಾವಣಗೆರೆಯ ಮನೆ ಸೇರಿದ ವಾರದೊಳಗೇ ಟೇಪು ಹಿಡಿದುಕೊಂಡು ಹಿತ್ತಲಿಗಿಳಿದರು. ದೀಪಾವಳಿ ಆಗಷ್ಟೇ ಮುಗಿದಿತ್ತು. ಹಿತ್ತಲ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ ಹೆಂಡತಿ ಅನ್ನಪೂರ್ಣಮ್ಮನನ್ನು ಎಬ್ಬಿಸಿ, ಟೇಪಿನ ಒಂದು ತುದಿಯನ್ನು ಬಚ್ಚಲ ಗೋಡೆಗೆ ಒತ್ತಿ ಹಿಡಿಯಲು ಹೇಳಿದರು. ಆಕೆ ಹಿಡಿದರು. ಯಾತಕ್ಕೆ ಅಂತ ಕೇಳಿದ್ದು ಅಳತೆ ಮುಗಿದ ಮೇಲೆ.

“ನಿರ್ಮಲ ಬಾಣಂತನಕ್ಕೆ ಬರ್ತಾಳಲ್ಲ, ಅವಳಿಗೊಂದು ಕೋಣೆ,” ಅಂದರು ಕೊಟ್ಟೂರಪ್ಪ.

“ಶಿವಯೋಗಿ, ನಿರ್ಮಲ ಇಬ್ರೂ ಹುಟ್ಟಿದ್ದು ನಡುಮನೆ ಮೂಲ್ಯಾಗೆ. ಒಂದು ಹಳೇ ಸೀರೆ ಅಡ್ಡ ಕಟ್ಟಿದ್ವಿ. ಅಷ್ಟೇ.”

“ಗೊತ್ತು.”

“ನಿಮಗೆಂಗೆ ಗೊತ್ತು? ನೀವಿದ್ರೇನು ಆಗ?”

ಕೊಟ್ಟೂರಪ್ಪ ಇರಲಿಲ್ಲ. ಇಲಾಖೆಯಲ್ಲಿ ಓವರ್ಸಿಯರ್ ಆಗಿದ್ದ ಅವರು ಮೊದಲು ಎಲ್ಲೆಲ್ಲೋ ಕೆರೆ ಏರಿ, ಸೇತುವೆ ಅಂತ ತಿರುಗಿದರು. ಆಮೇಲೆ ವರ್ಷಗಟ್ಟಲೆ ಭದ್ರಾ ಕಾಲುವೆ. ಕಾಲುವೆ ಮುಂದೆ ಮುಂದೆ ಹೋದ ಹಾಗೆ ಕ್ಯಾಂಪೂ ಮುಂದಕ್ಕೆ ಹೋಗುತ್ತಿತ್ತು, ಅದರ ಜೊತೆಗೆ ಅವರ ತಗಡಿನ ಟ್ರಂಕೂ. ಮನೆಗೆ ಬರುತ್ತಿದ್ದದ್ದು ಹಬ್ಬಕ್ಕೆ, ಅದೂ ಎಲ್ಲ ಹಬ್ಬಕ್ಕೂ ಅಲ್ಲ. ಬಂದಾಗ ಮಗಳು ನಿರ್ಮಲ ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು. ಕರೆದರೆ ಬಂದು, ಹೇಳಿದ ಕೆಲಸ ಮಾಡಿ, ಮತ್ತೆ ಬಾಗಿಲ ಹಿಂದೆ ಹೋಗುತ್ತಿದ್ದಳು. ಅವಳ ಮದುವೆಯ ಸಮಯಕ್ಕೆ ಕಾಲುವೆಯ ಏರಿ ಒಂದು ಕಡೆ ಒಡೆದು, ಅವರು ಧಾರೆಯ ದಿನ ಬೆಳಗ್ಗೆ ಬಂದು ಮಾರನೆಯ ದಿನ ವಾಪಸು ಹೊರಟಿದ್ದರು. ಈಗ ಅವಳು ಹರಿಹರದ ಸೊಸೆ. ಗಂಡ ಕೆಂಚವೀರಪ್ಪ ಅಲ್ಲಿಯ ಯಂತ್ರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಯುಗಾದಿಯ ಹೊತ್ತಿಗೆ ಹೆರಿಗೆ ಅಂತ ಹೇಳಿದ್ದರು. ಶಿವರಾತ್ರಿಗೆ ಕರೆತಂದರೆ, ಕೂಸಿಗೆ ಐದು ತಿಂಗಳು ತುಂಬುವ ತನಕ ತವರಿನಲ್ಲಿ ಇರುತ್ತಾಳೆ. ಅಷ್ಟು ಕಾಲ ಮಗಳ ಜೊತೆ ಒಂದೇ ಸೂರಿನ ಕೆಳಗೆ ಅವರು ಯಾವತ್ತೂ ಇದ್ದಿರಲಿಲ್ಲ. ಇದನ್ನು ಅವರು ಯಾರಿಗೂ ಹೇಳಲಿಲ್ಲ. ಎಸ್ಟಿಮೇಟು ಹಾಕಲು ಕೂತರು.

ಪಡಸಾಲೆಯ ಗೋಡೆಯ ಮೇಲೆ ಇದ್ದಿಲಿನಿಂದ ಉದ್ದಕ್ಕೆ ಗೆರೆ ಎಳೆದರು. ಮೇಲೆ ಅಮಾವಾಸ್ಯೆ, ಹುಣ್ಣಿಮೆ, ಸಂಕ್ರಾಂತಿ, ಶಿವರಾತ್ರಿ. ಪಕ್ಕದಲ್ಲಿ ಒಂದರ ಕೆಳಗೊಂದು ಪಾಯ, ಗೋಡೆ, ಚೌಕಟ್ಟು, ತಾರಸಿ, ಗಾರೆ, ನೆಲ, ಸುಣ್ಣ. ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಬಿಡಿಸಿ ಹೇಳಿದರು. ಪಾಯ ಮುಗಿಯದೆ ಗೋಡೆ ಏಳುವುದಿಲ್ಲ, ಆದರೆ ಪಾಯ ತೋಡುವಾಗಲೇ ಬಡಗಿಗೆ ಚೌಕಟ್ಟು ಹೇಳಬಹುದು. ಅದು ಯಾವುದಕ್ಕೂ ಕಾಯಬೇಕಾಗಿಲ್ಲ. ಗಾರೆ ಒಣಗುವುದಕ್ಕೆ ಅವಸರ ಮಾಡುವ ಹಾಗಿಲ್ಲ, ಹಸಿ ಗೋಡೆಯಲ್ಲಿ ಬಾಣಂತಿ ಮಲಗುವಂತಿಲ್ಲ. ಅದಕ್ಕೇ ಶಿವರಾತ್ರಿಯಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದಿದ್ದೇನೆ. ಮೇಸ್ತ್ರಿ ಜಮಾಲ್ ಸಾಬರಿಗೆ ನಡುವೆ ರಂಜಾನ್ ಬರುತ್ತದೆ, ಆ ತಿಂಗಳು ಅರ್ಧ ಹೊತ್ತಿನ ಕೆಲಸ ಅಂತಲೇ ಹಿಡಿದಿದ್ದೇನೆ. ಇದರ ಮೇಲೆ ಅನಿರೀಕ್ಷಿತಕ್ಕೆ ಅಂತ ಕೆಲವು ದಿನ ಹೆಚ್ಚಿಗೆ ಇಟ್ಟಿದ್ದೇನೆ ಅಂದರು.

ಅವರ ತಾಯಿ ಮರುಳಸಿದ್ದಮ್ಮನಿಗೆ ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. “ಸುಣ್ಣ ಬಳ್ದು ದೀಪಾವಳಿ ಮಾಡಿದ ಗೋಡೆ ಕಣೋ ಕೊಟ್ರ ಅದು,” ಅಂದರು. “ಇದ್ಲು ಬಳ್ದೆಯಾ.”

ಮಗ ಶಿವಯೋಗಿ ಮುದ್ದೆ ಮುರಿಯುತ್ತಾ ಗೋಡೆಯ ಕಡೆ ನೋಡಿದ. ಅವನು ಹತ್ತಿ ಗಿರಣಿಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ. ಹಗಲು ಕಲ್ಲು ಒಡೆಯುತ್ತಾರಲ್ಲ, ತಾನು ಮಲಗುವುದು ಎಲ್ಲಿ ಅಂತ ಕೇಳಿದ. ಕೊಟ್ಟೂರಪ್ಪನವರು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು. ಅದಕ್ಕೆ ಅಲ್ಲಿ ಗೆರೆ ಇರಲಿಲ್ಲ. ಶಿವಯೋಗಿ ಕೈತೊಳೆದು ಪಾಳಿಗೆ ಹೋದ.

ಕೆಲಸ ಶುರುವಾಯಿತು. ಜಮಾಲ್ ಸಾಬರು ಹಳಬರು, ಕೊಟ್ಟೂರಪ್ಪನವರ ಜೊತೆ ಒಂದೆರಡು ಕ್ಯಾಂಪಿನಲ್ಲಿ ಇದ್ದವರು. ಬೆಳಿಗ್ಗೆ ಬಂದವರೇ ದಾರ ಕಟ್ಟಿ, ತೂಗುಗುಂಡು ಬಿಟ್ಟು, ಆಳುಗಳನ್ನು ಹಚ್ಚುತ್ತಿದ್ದರು. ಪಾಯ ಅಂದುಕೊಂಡದ್ದಕ್ಕಿಂತ ಮುಂಚೆ ಮುಗಿಯಿತು. ಕೊಟ್ಟೂರಪ್ಪ ಆ ಗೆರೆಯ ತುದಿಗೆ ಒಂದು ಗೀಟು ಹಾಕಿ, ಕೈಗೆ ಅಂಟಿದ ಇದ್ದಿಲನ್ನು ಪಂಚೆಗೆ ಒರೆಸಿಕೊಂಡರು. ಪಂಚೆ ಒಗೆಯುವವರು ಅನ್ನಪೂರ್ಣಮ್ಮ.

ಒಗೆಯುವುದು ಮಾತ್ರ ಅಲ್ಲ. ಹಿತ್ತಲಲ್ಲಿದ್ದ ಒಲೆ ಕಿತ್ತಿದ್ದರಿಂದ ನೀರು ಕಾಯಿಸುವುದು ಅಡಿಗೆಮನೆಗೆ ಬಂತು. ಅದರ ಹೊಗೆಗೆ ಅತ್ತೆಯ ಕೆಮ್ಮು ಹೆಚ್ಚಾಯಿತು. ಬಟ್ಟೆ ಒಣಹಾಕಲು ಜಾಗವಿಲ್ಲದೆ ಬೀದಿಯ ಕಟ್ಟೆಗೆ ಹೋಗಬೇಕಾಯಿತು. ಗೋಡೆ ಏಳತೊಡಗಿದ ಮೇಲೆ ಬೆಳಿಗ್ಗೆ, ಸಂಜೆ ಅದಕ್ಕೆ ನೀರು ಹೊಡೆಯಬೇಕು. ಗಾರೆ ಕಲಸಲು ನೀರು, ಇಟ್ಟಿಗೆ ನೆನೆಸಲು ನೀರು, ಆಳುಗಳಿಗೆ ಕುಡಿಯಲು ನೀರು. ಬೀದಿಯ ತುದಿಯ ಬಾವಿಯಿಂದ ಸೇದಿ ತರುವವರು ಆಕೆ ಒಬ್ಬರೇ. ಗೋಡೆ ಎದೆಮಟ್ಟ ಬಂದ ದಿನ ಮಧ್ಯಾಹ್ನ, ರೊಟ್ಟಿ ಯಾಕೆ ತಡ ಅಂತ ಕೊಟ್ಟೂರಪ್ಪ ಪಡಸಾಲೆಯಿಂದ ಕೇಳಿದರು.

ಅನ್ನಪೂರ್ಣಮ್ಮ ಹೊರಗೆ ಬಂದರು. ಕೈಗೆ ಹಿಟ್ಟು ಮೆತ್ತಿಕೊಂಡೇ ಇತ್ತು.

“ಅಲ್ಲಿ ಎಲ್ಲಾರ ಕೆಲ್ಸ ಬರ್ದೀರಿ. ಬಡಗಿದು, ಮೇಸ್ತ್ರಿದು, ಸುಣ್ಣದೋನ್ದು. ನೀರು ಹೊರೋದು ಯಾರು ಅಂತ ಎಲ್ಲೈತೆ?”

“ನೀರಿಗೆ ಅಂತ ಬ್ಯಾರೆ ಬರಿಯೋದೇನೈತೆ? ಮನೇಲಿ...”

“ಮನೇಲಿ ಯಾರ್ಯಾರದೀವಿ, ಹೇಳ್ರಿ ನೋಡಾನ.”

ಕ್ಯಾಂಪಿನಲ್ಲಿ ನೀರಿಗೆ ಭಿಸ್ತಿ ಇರುತ್ತಿದ್ದ. ಎಸ್ಟಿಮೇಟಿನಲ್ಲಿ ಅವನ ಕೂಲಿ ಮೊದಲೇ ಸೇರಿರುತ್ತಿತ್ತು. ಮಾರನೆಯ ಬೆಳಿಗ್ಗೆ ಕೊಟ್ಟೂರಪ್ಪ ಕೊಡ ಎತ್ತಿಕೊಂಡು ಬಾವಿಗೆ ಹೋದರು. ಹೆಂಗಸರು ಸರಿದು ಜಾಗ ಬಿಟ್ಟರು, ಬಾಯಿಗೆ ಸೆರಗು ಮುಚ್ಚಿಕೊಂಡರು. ವಾರ ಕಳೆಯುವುದರೊಳಗೆ ಅಂಗೈಯಲ್ಲಿ ಹಗ್ಗದ ಗುಳ್ಳೆ ಎದ್ದು ಒಡೆದವು. ಅನ್ನಪೂರ್ಣಮ್ಮ ಅರಿಶಿನ ಎಣ್ಣೆ ಬಿಸಿ ಮಾಡಿ ಬಟ್ಟಲಲ್ಲಿ ತಂದು ಅವರ ಮುಂದಿಟ್ಟು ಹೋದರು. ಹಚ್ಚಲಿಲ್ಲ.

ಗೋಡೆ ಎದ್ದಿತು. ಚೌಕಟ್ಟು ಬಂದು ಕೂತಿತು. ಆಮೇಲೆ ಕೆಲಸ ನಿಂತಿತು, ಯಾಕೆಂದರೆ ತಾರಸಿಗೆ ಸಿಮೆಂಟು ಬೇಕು, ಸಿಮೆಂಟಿಗೆ ಪರ್ಮಿಟ್ಟು ಬೇಕು. ಕೊಟ್ಟೂರಪ್ಪ ಪಾಯ ತೋಡುವ ಮೊದಲೇ ಅರ್ಜಿ ಹಾಕಿದ್ದರು. ಇಲಾಖೆಯಲ್ಲಿ ಇದ್ದಾಗ ಸಿಮೆಂಟು ಲಾರಿಯಲ್ಲಿ ತಾನಾಗಿ ಬಂದು ಇಳಿಯುತ್ತಿತ್ತು. ಈಗ ಕಚೇರಿಯ ಬೆಂಚಿನ ಮೇಲೆ ಟೊಪ್ಪಿಗೆ ತೆಗೆದು ಕೂತು, ಹೆಸರು ಕರೆಯುವುದನ್ನು ಕಾಯಬೇಕಿತ್ತು. ಬರುವ ವಾರ ಅಂದರು. ಆ ವಾರ ಸಾಹೇಬರು ಸರ್ಕೀಟು ಹೋಗಿದ್ದರು. ಮತ್ತೊಂದು ವಾರ ಅಂದರು. ಜಮಾಲ್ ಸಾಬರು ಕಾದು ನೋಡಿ, ಕೆ.ಬಿ. ಬಡಾವಣೆಯಲ್ಲಿ ಯಾರದೋ ಹೊಸ ಮನೆಯ ಕೆಲಸ ಹಿಡಿದರು. ಸಿಮೆಂಟು ಬಂದ ದಿನ ಹೇಳಿ ಕಳಿಸಿ ಅಂದರು. ಅನಿರೀಕ್ಷಿತಕ್ಕೆ ಅಂತ ಹೆಚ್ಚಿಗೆ ಇಟ್ಟಿದ್ದ ದಿನಗಳು ಹೀಗೆ ಬೆಂಚಿನ ಮೇಲೆ ಮುಗಿದವು.

ಸಂಕ್ರಾಂತಿ ಹತ್ತಿರ ಬಂತು. ಒಂದು ದಿನ ಕೊಟ್ಟೂರಪ್ಪ ಕಚೇರಿಯಿಂದ ಬರುವ ಹೊತ್ತಿಗೆ ಪಡಸಾಲೆಯ ಗೋಡೆ ಬೆಳ್ಳಗಿತ್ತು. ಅನ್ನಪೂರ್ಣಮ್ಮ ಹಬ್ಬಕ್ಕೆ ಅಂತ ಸುಣ್ಣ ಬಳಿದಿದ್ದರು. ಇದ್ದಿಲ ಗೆರೆಗಳು ಸುಣ್ಣದ ಕೆಳಗೆ ನೀಲಿಯಾಗಿ ಅಷ್ಟಿಷ್ಟು ಕಾಣುತ್ತಿದ್ದವು. ಕೊಟ್ಟೂರಪ್ಪ ಜಗಲಿಗೆ ಹೋಗಿ ಕೂತರು.

ಶಿವಯೋಗಿ ನಿದ್ದೆಯಿಂದ ಎದ್ದು ಬಂದ. ಜಗಲಿಯ ಮೇಲೆ ತಂದೆಯ ಪಕ್ಕ ಕೂತು, ತಾರಸಿ ಬಿಟ್ಟುಬಿಡ್ರಿ, ಹಂಚು ಹೊದೆಸಿ ಮುಗಿಸೋಣ ಅಂದ. ಸ್ಟೇಷನ್ ಹತ್ತಿರದ ಡಿಪೋದಲ್ಲಿ ಮಂಗಳೂರು ಹಂಚು ಇದೆ, ಕೇಳಿಕೊಂಡು ಬಂದಿದ್ದೇನೆ ಅಂದ. ಕೊಟ್ಟೂರಪ್ಪ ಆಗುವುದಿಲ್ಲ ಅಂದರು. ಗೋಡೆಯ ದಪ್ಪ ಹಿಡಿದದ್ದೇ ತಾರಸಿಯ ಲೆಕ್ಕದ ಮೇಲೆ. ಅರ್ಧಕ್ಕೆ ಬದಲಾಯಿಸಿದರೆ ಎಸ್ಟಿಮೇಟು ಯಾತಕ್ಕೆ ಮಾಡಬೇಕು ಅಂದರು.

ಶಿವಯೋಗಿಯ ದನಿ ಏರಲಿಲ್ಲ. ಗಿರಣಿಯ ಸದ್ದಿನಲ್ಲಿ ಕೂಗಿ ಕೂಗಿ ಅವನಿಗೆ ಮನೆಯಲ್ಲಿ ಮೆಲ್ಲಗೆ ಮಾತಾಡುವ ಅಭ್ಯಾಸವಾಗಿತ್ತು.

“ಕಾಲುವೆಗೂ ಎಸ್ಟಿಮೇಟ್ ಇತ್ತಲ್ಲ. ನಾನು ಹೈಸ್ಕೂಲಿಗೆ ಹೋಗಾದ್ರೊಳಗೆ ಮುಗಿತೈತೆ, ಮನೇಗೆ ಬಂದ್ಬಿಡ್ತೀನಿ ಅಂದಿದ್ರಿ. ನನ್ ಹೈಸ್ಕೂಲ್ ಮುಗೀತು, ಗಿರಣಿ ಸೇರಿದೆ, ನಿರ್ಮಲನ ಮದುವೆ ಆತು.”

“ಕಲ್ಲು ಬಂತು ಶಿವಯೋಗಿ. ನೆಲದೊಳಗೆ ಏನೈತೆ ಅಂತ ಮ್ಯಾಲೆ ನಿಂತೋರಿಗೆ ಕಾಣಲ್ಲ. ಗುಡ್ಡ ಕೊರಿಯೋ ಕಡೆ ಜ್ವರ ಬಂದು ಆಳೆಲ್ಲ ಓಡಿಹೋದ್ರು. ಮತ್ತೆ ಲೆಕ್ಕ ಹಾಕಿದ್ವಿ, ಮತ್ತೆ ತಪ್ಪಿತು.”

“ಇಲ್ಲಿ ಲೆಕ್ಕ ಹಾಕ್ಕಂಡು ಕೂತಿದ್ದು ಅವ್ವ. ಗಂಡು ನೋಡಾಕೆ ಹರಿಹರಕ್ಕೆ ನಾನು ಹೋದೆ. ಚಪ್ಪರಕ್ಕೆ ಗಳ ನಾನು ಹೊತ್ತೆ. ಬೀಗರು ‘ಅಪ್ಪಾರು ಎಲ್ಲಿ’ ಅಂದಾಗೆಲ್ಲಾ ನಾನೇ ಉತ್ತರ ಹೇಳ್ದೆ.”

“ತಾರಸಿ ಆದ್ರೆ ಮ್ಯಾಲೆ ನಿನಗೊಂದು ಕೋಣೆ ಎತ್ತಬೌದು ಅಂತಿದ್ದೆ,” ಅಂದರು ಕೊಟ್ಟೂರಪ್ಪ. “ಮದುವೆ ಆದ್ರೆ ಬೇಕಲ್ಲ.”

ಶಿವಯೋಗಿಗೆ ಇದು ಗೊತ್ತಿರಲಿಲ್ಲ. ಅವನು ಎದ್ದು ಒಳಗೆ ಹೋದ. ಬಾಗಿಲ ಹತ್ತಿರ ನಿಂತು, ತನಗೆ ಈಗ ಅವಸರವಿಲ್ಲ, ನಿರ್ಮಲನಿಗೆ ಅವಸರ ಅಂದ.

ಮಾರನೆಯ ದಿನ ಕೊಟ್ಟೂರಪ್ಪ ತಾವೇ ಡಿಪೋಗೆ ಹೋಗಿ ಹಂಚು ನೋಡಿದರು. ಅಲ್ಲಿಂದ ಕೆ.ಬಿ. ಬಡಾವಣೆಗೆ ನಡೆದು ಹೋಗಿ ಜಮಾಲ್ ಸಾಬರನ್ನು ಕರೆದರು. ಉಪವಾಸದಲ್ಲಿದ್ದ ಸಾಬರು ನೆರಳಿಗೆ ಕೂತು ಸುಧಾರಿಸಿಕೊಳ್ಳುತ್ತಿದ್ದರು. ತಾವು ಹಿಡಿದ ಕೆಲಸ ಬಿಟ್ಟು ಬರುವ ಹಾಗಿಲ್ಲ, ಬೆಳಗಿನ ಹೊತ್ತು ಇಲ್ಲಿ ಮುಗಿಸಿ ಒಂದೆರಡು ಗಂಟೆ ಅಲ್ಲಿಗೆ ಬರುತ್ತೇನೆ ಅಂದರು. ಕೊಟ್ಟೂರಪ್ಪ ಮನೆಗೆ ಬಂದು ಹೆಂಡತಿಯ ಹತ್ತಿರ, ಮೊದಲು ಏನು ಮಾಡಿಸಲಿ ಅಂತ ಕೇಳಿದರು. ಅನ್ನಪೂರ್ಣಮ್ಮ ಹಿಟ್ಟಿನ ಜರಡಿ ಪಕ್ಕಕ್ಕಿಟ್ಟು, ಇವರು ನಿಜವಾಗಿ ಕೇಳುತ್ತಿದ್ದಾರಾ ಅಂತ ಮುಖ ನೋಡಿದರು. ಬಚ್ಚಲ ಒಲೆ ಮೊದಲು ಆಗಬೇಕು ಅಂದರು. ಬಾಣಂತಿಗೆ ಹೊತ್ತು ಹೊತ್ತಿಗೆ ಹಂಡೆ ನೀರು ಬೇಕು. ನೆಲಕ್ಕೆ ಕಲ್ಲು ಹಾಸುವುದು ತಡವಾದರೂ ಸೆಗಣಿ ಸಾರಿಸಿದರೆ ನಡೆಯುತ್ತದೆ. ಕೊಟ್ಟೂರಪ್ಪ ಹೂಂ ಅಂದರು. ಗೋಡೆಯ ಮೇಲೆ ಮತ್ತೆ ಗೆರೆ ಎಳೆಯಲಿಲ್ಲ. ಬೆಳಿಗ್ಗೆ ಅಂಬಲಿ ಕುಡಿಯುವಾಗ ಇವತ್ತು ಏನು, ನಾಳೆ ಏನು ಅಂತ ಇಬ್ಬರೂ ಬಾಯಲ್ಲೇ ಮಾತಾಡಿಕೊಳ್ಳತೊಡಗಿದರು.

ಸಂಕ್ರಾಂತಿ ಕಳೆದು ನಿರ್ಮಲನಿಗೆ ಹರಿಹರದಲ್ಲಿ ಕುಬುಸ ಮಾಡಿದರು. ಏಳು ತಿಂಗಳು ತುಂಬಿದ ಮಗಳಿಗೆ ತವರಿನ ಹಸಿರು ಸೀರೆ, ಐದು ಬಗೆಯ ಉಂಡೆ ತೆಗೆದುಕೊಂಡು ಎಲ್ಲರೂ ಹೋದರು. ಮರುಳಸಿದ್ದಮ್ಮನೂ ಹಟ ಮಾಡಿ ಬಸ್ಸು ಹತ್ತಿದರು. ಬೀಗಿತ್ತಿ ಸರ್ವಮಂಗಳಮ್ಮ ಗಟ್ಟಿ ಹೆಂಗಸು, ಮಾತು ಕಡಿಮೆ. ಊಟಕ್ಕೆ ಬಡಿಸುವಾಗ ಕೊಟ್ಟೂರಪ್ಪ ಕೋಣೆಯ ವಿಷಯ ಎತ್ತಿದರು. ಬಾಗಿಲು ಇಂಥ ಕಡೆ, ಬಚ್ಚಲು ಪಕ್ಕದಲ್ಲೇ, ಗಾಳಿ ನೇರ ಬಡಿಯದ ಹಾಗೆ ಕಿಟಕಿ ಎತ್ತರಕ್ಕೆ. ಸರ್ವಮಂಗಳಮ್ಮ ಕೇಳಿ, ಶಿವರಾತ್ರಿ ಮಾರನೆ ದಿನ ಕಳಿಸಿಕೊಡ್ತೀವಿ ಅಂದರು. ಕುಬುಸದ ಸೀರೆಯಲ್ಲಿ ಮಣೆಯ ಮೇಲೆ ಕೂತಿದ್ದ ನಿರ್ಮಲ ತಂದೆಯ ಕಡೆ ನೋಡಿ ತಲೆ ತಗ್ಗಿಸಿದಳು. ಅವಳ ಕಾಲು ಬಾತಿದ್ದವು. ಅದನ್ನು ಅನ್ನಪೂರ್ಣಮ್ಮ ನೋಡಿದರು, ಬರುವಾಗ ಬಸ್ಸಿನಲ್ಲಿ ಹೇಳಿದರು. ಮೊದಲ ಬಸಿರು, ಹಂಗೇ ಅಂತ ಅತ್ತೆ ಸಮಾಧಾನ ಮಾಡಿದರು.

ಅಲ್ಲಿಂದ ಬಂದ ಮೇಲೆ ಮನೆಯಲ್ಲಿ ಎಲ್ಲರೂ ಕೆಲಸಕ್ಕೆ ಬಿದ್ದರು. ಶಿವಯೋಗಿ ಪಾಳಿಯಿಂದ ಬಂದವನೇ ಹಂಚು ಕೈದಾಟಿಸಲು ನಿಲ್ಲುತ್ತಿದ್ದ. ರಂಜಾನ್ ಮುಗಿದು ಹಬ್ಬವಾದ ಮೇಲೆ ಜಮಾಲ್ ಸಾಬರು ಪೂರ್ತಿ ದಿನ ಬಂದರು. ಹಬ್ಬದ ಶೀರ್ ಖುರ್ಮಾ ಪಾಯಸದ ಬದಲು ಒಂದು ಪೊಟ್ಟಣ ಖರ್ಜೂರ, ಗೋಡಂಬಿ ತಂದು, ಬಾಣಂತಿಗೆ ಅಂಟಿನ ಉಂಡೆಗೆ ಹಾಕ್ರಮ್ಮ ಅಂತ ಅನ್ನಪೂರ್ಣಮ್ಮನ ಕೈಗೆ ಕೊಟ್ಟರು. ಅನ್ನಪೂರ್ಣಮ್ಮ ಕೊಬ್ಬರಿ ತುರಿದರು, ಗೋಂದು ಹುರಿದರು, ಹಳೇ ಪಂಚೆಗಳನ್ನು ಹರಿದು ಒಗೆದು ಮಡಿಸಿಟ್ಟರು. ಗಾರೆ ಒಣಗಲಿ ಅಂತ ಕೋಣೆಯಲ್ಲಿ ದಿನಾ ಕೆಂಡ ಇಟ್ಟರು. ಶಿವರಾತ್ರಿಗೆ ಇನ್ನೂ ವಾರ ಇರುವಾಗ ಕೋಣೆಗೆ ಸುಣ್ಣ ಬಳಿದು ಮುಗಿಯಿತು. ಕೊಟ್ಟೂರಪ್ಪ ಹೊಸ ಬಾಗಿಲನ್ನು ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು. ಆವತ್ತು ಊಟಕ್ಕೆ ಹೋಳಿಗೆ ಇತ್ತು. ಯಾವ ಹಬ್ಬವೂ ಇರಲಿಲ್ಲ, ಯಾಕೆ ಅಂತ ಯಾರೂ ಕೇಳಲಿಲ್ಲ.

ಶಿವರಾತ್ರಿಯ ಮುಂಚಿನ ದಿನ ಅಳಿಯ ಕೆಂಚವೀರಪ್ಪ ಬಂದ, ಒಬ್ಬನೇ. ನೀರು ಕೊಟ್ಟರು, ಕುಡಿದ. ನಿರ್ಮಲನಿಗೆ ಕಾಲಿನ ಬಾವು ಇಳಿದಿಲ್ಲ, ತಲೆ ಸುತ್ತು ಬಂದು ಬಿದ್ದಿದ್ದಳು, ಆಸ್ಪತ್ರೆಗೆ ತೋರಿಸಿದೆವು ಅಂದ. ಡಾಕ್ಟರಮ್ಮ ಹೆರಿಗೆ ಆಗುವ ತನಕ ಹಾಸಿಗೆ ಬಿಟ್ಟು ಏಳಬಾರದು ಅಂದಿದ್ದಾರೆ. ಬಸ್ಸು ಬೇಡ, ರೈಲೂ ಬೇಡ. ಬಾಣಂತನ ಹರಿಹರದಲ್ಲೇ ಆಗಬೇಕು.

“ಅವಳು ಅಳ್ತಾಳೆ,” ಅಂದ ಕೆಂಚವೀರಪ್ಪ. “ಅವ್ವ ಬರಬೇಕು ಅಂತಾಳೆ. ಅತ್ತೇರು ಬಂದ್ರೆ ಚಲೋ ಆಗ್ತಿತ್ತು. ನಮ್ಮಮ್ಮನೇ ಹೇಳಿ ಕಳ್ಸಿದ್ರು.”

ಮಗಳು ಹೆರುವ ತನಕ, ಹೆತ್ತ ಮೇಲೂ, ತಾಯಿ ಬೀಗರ ಮನೆಗೆ ಹೋಗಿ ಇರುವುದು ಆ ಓಣಿಯಲ್ಲಿ ಯಾರೂ ಮಾಡಿದ್ದಲ್ಲ. ಮರುಳಸಿದ್ದಮ್ಮ ಏನಾದರೂ ಅನ್ನುತ್ತಾರೆ ಅಂತ ಎಲ್ಲರೂ ಆ ಕಡೆ ನೋಡಿದರು. ಅಜ್ಜಿ, “ಉಂಡೆ ಡಬ್ಬಿ ಮರಿಬ್ಯಾಡ,” ಅಂತ ಸೊಸೆಗೆ ಹೇಳಿದರು, ಅಷ್ಟೇ.

ಅನ್ನಪೂರ್ಣಮ್ಮ ಮಧ್ಯಾಹ್ನವೇ ಹೊರಟರು. ಹೊರಡುವಾಗ ಗಂಡನಿಗೆ ಹಿಟ್ಟಿನ ಡಬ್ಬ ಎಲ್ಲಿದೆ, ಮಜ್ಜಿಗೆಗೆ ಹೆಪ್ಪು ಎಷ್ಟು, ಅತ್ತೆಗೆ ಕಷಾಯ ಯಾವಾಗ ಅಂತ ಹೇಳಿದರು. ಕೊಟ್ಟೂರಪ್ಪ ತಲೆ ಆಡಿಸಿದರು. ಮುದುಕಿಯನ್ನು ಬಿಟ್ಟು ಅವರು ಹೋಗುವಂತಿರಲಿಲ್ಲ. ಶಿವಯೋಗಿ ಗಿರಣಿ ಬಿಡುವಂತಿರಲಿಲ್ಲ. ಗಂಟು ಹೊತ್ತುಕೊಂಡ ಅಳಿಯನ ಹಿಂದೆ ಹೆಂಡತಿ ಓಣಿ ತಿರುಗುವ ತನಕ ಜಗಲಿಯಲ್ಲಿ ನಿಂತಿದ್ದರು.

ಆಮೇಲಿನ ದಿನಗಳು ಉದ್ದವಾಗಿದ್ದವು. ಕೊಟ್ಟೂರಪ್ಪ ಮುದ್ದೆ ತಿರುವುವುದು ಕಲಿತರು. ಮೊದಮೊದಲು ಗಂಟು ಗಂಟಾಗುತ್ತಿತ್ತು. ಶಿವಯೋಗಿ ಗಂಟುಗಳನ್ನು ಬೆರಳಲ್ಲಿ ಹಿಸುಕಿಕೊಂಡು ಸುಮ್ಮನೆ ಉಣ್ಣುತ್ತಿದ್ದ. ಹೊಸ ಕೋಣೆಯನ್ನು ದಿನಾ ಗುಡಿಸುತ್ತಿದ್ದರು, ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಜಮಾಲ್ ಸಾಬರ ಮಗ ಹಿದಾಯತ್ ಕೆಂಚವೀರಪ್ಪನ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದ. ದಿನಾ ರೈಲಿನಲ್ಲಿ ಹರಿಹರಕ್ಕೆ ಹೋಗಿ ಬರುತ್ತಿದ್ದ. ಸಂಜೆ ರೈಲಿನ ಹೊತ್ತಿಗೆ ಕೊಟ್ಟೂರಪ್ಪ ಸ್ಟೇಷನ್ನಿಗೆ ಹೋಗಿ ನಿಲ್ಲುತ್ತಿದ್ದರು. ಹಿದಾಯತ್ ಇಳಿದು ಬಂದು, ಇನ್ನೂ ಏನೂ ಇಲ್ಲ ಚಾಚಾ, ಹಂಗೇ ಐತೆ ಅನ್ನುತ್ತಿದ್ದ. ಒಂದೊಂದು ದಿನ ಅವನಿಗೆ ಕೆಂಚವೀರಪ್ಪ ಸಿಕ್ಕಿರುತ್ತಿರಲಿಲ್ಲ. ಆ ದಿನ ಕೊಟ್ಟೂರಪ್ಪನವರಿಗೆ ಊಟ ಸೇರುತ್ತಿರಲಿಲ್ಲ.

ಒಂದು ಸಂಜೆ ಹಾಗೆ ತಟ್ಟೆ ಬಿಟ್ಟು ಎದ್ದಾಗ ಮರುಳಸಿದ್ದಮ್ಮ ಕತ್ತಲಲ್ಲೇ ಮಾತಾಡಿದರು. “ನಿನ್ ಕಾಗದ ಬರದ ವಾರ ಅನ್ನಪೂರ್ಣನೂ ಹಿಂಗೇ ತಟ್ಟೆ ಮುಂದೆ ಕೂತಿರ್ತಿದ್ಲು. ಹುಡುಗ್ರು ಮಲಗಿದ ಮ್ಯಾಲೆ ರೊಟ್ಟಿ ಎತ್ತಿ ಇಡೋ ಸದ್ದು ಕೇಳ್ತಿತ್ತು ನನಗೆ.”

ಕೊಟ್ಟೂರಪ್ಪ ನಿಂತಲ್ಲೇ ನಿಂತರು. ನನ್ನ ಮಂಚ ಹೊಸ ಕೋಣೆಗೆ ಹಾಕು, ಇಲ್ಲಿ ಸೊಳ್ಳೆ ಅಂದರು ಅಜ್ಜಿ. ಅವರು ಹೊಸ ಕೋಣೆಯ ಬಾಗಿಲು ತೆಗೆದು, ಮಂಚ ಎತ್ತಿ ಅಲ್ಲಿ ಹಾಕಿದರು.

ಯುಗಾದಿಗೆ ಇನ್ನೂ ಕೆಲವು ದಿನ ಇರುವಾಗ ಹಿದಾಯತ್ ರೈಲು ನಿಲ್ಲುವ ಮೊದಲೇ ಹಾರಿ ಓಡಿಬಂದ. ಹೆಣ್ಣು ಕೂಸು. ತೂಕ ಕಡಿಮೆ, ಆದರೆ ಅಳು ಜೋರಾಗಿದೆ. ನಿರ್ಮಲನಿಗೆ ಬಹಳ ರಕ್ತ ಹೋಯಿತು, ಅಪಾಯ ಕಳೆದಿದೆ, ಏಳಲಿಕ್ಕೆ ಆಗುವುದಿಲ್ಲ. ಕೊಟ್ಟೂರಪ್ಪ ಅವನ ತೋಳು ಹಿಡಿದುಕೊಂಡು, ಮತ್ತೊಂದು ಸಲ ಹೇಳು ಅಂದರು. ಅವನು ಮತ್ತೊಂದು ಸಲ ಹೇಳಿದ.

ಮನೆಗೆ ಬಂದು ಸುದ್ದಿ ಹೇಳಿ, ಅಡಿಗೆಮನೆಗೆ ಹೋಗಿ ಒಲೆ ಹಚ್ಚತೊಡಗಿದರು. ಪಾಳಿಗೆ ಹೊರಟಿದ್ದ ಶಿವಯೋಗಿ ಒಳಗೆ ಬಂದು ಅವರ ಕೈಯಿಂದ ಊದುಗೊಳವೆ ತೆಗೆದುಕೊಂಡ.

“ನಾನು ಗಿರಣಿಗೆ ಹೇಳಿ ಪಾಳಿ ಬದ್ಲು ಮಾಡಿಸ್ಕಂತೀನಿ. ಅಜ್ಜಿನ ನೋಡ್ಕಂತೀನಿ. ನೀವು ಬೆಳಿಗ್ಗೆ ಹೋಗ್ರಿ.”

“ನೀನು ಹೋಗಿ ಬಾ ಮೊದ್ಲು. ಅವಳಿಗೆ ನಿನ್ ಮ್ಯಾಲೆ ಜೀವ.”

“ನಾನು ಆಮ್ಯಾಲೆ ಹೋಗ್ತೀನಿ, ಅಪ್ಪ. ನೀವು ಹೋಗ್ರಿ,” ಅಂದ ಶಿವಯೋಗಿ.

ಹರಿಹರದ ಮನೆ ಗುಡಿಯ ಹಿಂದಿನ ಓಣಿಯಲ್ಲಿತ್ತು. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಸರ್ವಮಂಗಳಮ್ಮ ಕಾಲಿಗೆ ನೀರು ಕೊಟ್ಟು ಒಳಗೆ ಕರೆದರು. ಕಾಳಿನ ಚೀಲಗಳನ್ನು ಒಂದು ಬದಿಗೆ ಸರಿಸಿ ಮಾಡಿದ ಜಾಗದಲ್ಲಿ ನಿರ್ಮಲ ಮಲಗಿದ್ದಳು. ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟಿದ್ದರು; ಮುಖ ಬಿಳಿಚಿಕೊಂಡು ಸಣ್ಣಗಾಗಿತ್ತು. ಅನ್ನಪೂರ್ಣಮ್ಮ ಕೂಸಿಗೆ ನೀರು ಹಾಕಲು ಬಚ್ಚಲಿಗೆ ಎತ್ತಿಕೊಂಡು ಹೋಗಿದ್ದರು. ಕೊಟ್ಟೂರಪ್ಪ ಮಂಚದ ಹತ್ತಿರ ನೆಲದ ಮೇಲೆ ಕೂತರು. ಬಸ್ಸು ಸಿಕ್ಕಿದ್ದು, ಶಿವಯೋಗಿ ಪಾಳಿ ಬದಲಿಸಿದ್ದು ಹೇಳಿದರು.

“ಕೋಣೆ ಆತಂತಲ್ಲ,” ಅಂದಳು ನಿರ್ಮಲ. ದನಿ ಬಹಳ ಸಣ್ಣಗಿತ್ತು. “ಅವ್ವ ದಿನಾ ಹೇಳ್ತಾಳೆ.”

“ಆತವ್ವ. ಅಜ್ಜಿ ಮಲಗ್ತಾಳೆ ಈಗ.”

ಅವಳು ನಗಲು ನೋಡಿದಳು. ಕಣ್ಣು ಮುಚ್ಚಿದಳು. ನಿದ್ದೆ ಹೋದಳೇನೋ ಅಂತ ಅವರು ಹೊದಿಕೆ ಸರಿಮಾಡಿದರು. ಸ್ವಲ್ಪ ಹೊತ್ತಿನ ಮೇಲೆ ಅವಳು ಕಣ್ಣು ಮುಚ್ಚಿಕೊಂಡೇ ಮಾತಾಡಿದಳು.

“ಸಣ್ಣಾಕಿದ್ದಾಗ ಅವ್ವನ್ನ ಕೇಳ್ತಿದ್ದೆ, ಅಪ್ಪ ಯಾವಾಗ ಬರ್ತಾರೆ ಅಂತ. ಕಾಲುವೆ ಬಿಟ್ರೆ ಬರ್ತಾರೆ ಅಂತಿದ್ಲು. ಕಾಲುವೆ ಅಂದ್ರೆ ಯಾರೋ ದೊಡ್ಡ ಸಾವ್ಕಾರ ಅಂದ್ಕಂಡಿದ್ದೆ ನಾನು. ಮೀಸೆ ಇಟ್ಕಂಡು, ಕೋಲು ಹಿಡ್ಕಂಡು. ಅವ್ನು ನಿಮ್ಮನ್ನ ಬಿಡಂಗಿಲ್ಲ ಅಂತ.”

ಕೊಟ್ಟೂರಪ್ಪ ಚೀಲಗಳ ಕಡೆ ತಿರುಗಿ ಮೂಗು ಒರೆಸಿಕೊಂಡರು. ಬಿಟ್ಟ ಕಣವ್ವ ಈಗ ಅಂದರು. ಅವಳಿಗೆ ಕೇಳಿಸಿತೋ ಇಲ್ಲವೋ.

ಡಾಕ್ಟರಮ್ಮ ಕೂಸನ್ನು ಮಳೆಗಾಲ ಮುಗಿಯುವ ತನಕ ಎಲ್ಲಿಗೂ ಒಯ್ಯಬಾರದು ಅಂದಿದ್ದಾರೆ ಅಂತ ಸರ್ವಮಂಗಳಮ್ಮ ಹೇಳಿದರು. ಆಮೇಲೆ ನೋಡೋಣ ಬೀಗ್ರೇ, ನಿಮ್ಮ ಮನೆಗೆ ಕಳಿಸದೆ ಇರುತ್ತೀವಾ ಅಂದರು. ಆಮೇಲೆ ಅಂದರೆ ಯಾವಾಗ ಅಂತ ಕೊಟ್ಟೂರಪ್ಪನವರ ಬಾಯಿಗೆ ಬಂತು. ಅವರು ಕೇಳಲಿಲ್ಲ.

ಅಷ್ಟರಲ್ಲಿ ಅನ್ನಪೂರ್ಣಮ್ಮ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಗಂಡನನ್ನು ನೋಡಿ ಒಂದು ಗಳಿಗೆ ನಿಂತರು. ಸೊರಗಿದ್ದಾರೆ ಅಂತ ಇಬ್ಬರಿಗೂ ಒಬ್ಬರನ್ನೊಬ್ಬರು ನೋಡಿ ಅನ್ನಿಸಿತು. ಕೂಸಿಗೆ ಸಾಂಬ್ರಾಣಿ ಹೊಗೆ ಹಾಕಬೇಕಿತ್ತು, ಬಟ್ಟೆಗಳನ್ನು ಬೆಚ್ಚಗೆ ಮಾಡಬೇಕಿತ್ತು. ಅಗ್ಗಿಷ್ಟಿಕೆ ಆರುತ್ತಾ ಬಂದಿತ್ತು. ಕೊಟ್ಟೂರಪ್ಪ ಬೀಸಣಿಗೆ ತೆಗೆದುಕೊಂಡು ಅದರ ಮುಂದೆ ಕೂತು, “ಬಟ್ಟೆ ತಾ,” ಅಂದರು. ಬೀಗರ ಮನೆಯಲ್ಲಿ, ಬಾಣಂತಿಯ ಹತ್ತಿರ, ಗಂಡಸು ಅಗ್ಗಿಷ್ಟಿಕೆಯ ಮುಂದೆ ಕೂರುವುದು ನೋಡಿ ಸರ್ವಮಂಗಳಮ್ಮ ಸೆರಗು ಸರಿಮಾಡಿಕೊಂಡು ಅಡಿಗೆಮನೆಗೆ ಹೋದರು.

ಬೆಂಕಿ ಕೆಂಪಾಯಿತು. ಅನ್ನಪೂರ್ಣಮ್ಮ ಒಂದೊಂದೇ ಬಟ್ಟೆ ಚಾಚಿ ಹಿಡಿದರು, ಅವರು ಮೆಲ್ಲಗೆ ಬೀಸಿದರು. ಕೂಸು ಅತ್ತಿತು, ಸುಮ್ಮನಾಯಿತು. ನಿರ್ಮಲ ಈ ಸಲ ನಿಜವಾಗಿ ನಿದ್ದೆ ಹೋಗಿದ್ದಳು. ಹೊರಗೆ ಓಣಿಯಲ್ಲಿ ಬಿಸಿಲು ಇಳಿಯಿತು, ದನಗಳು ಹೊಳೆಯಿಂದ ವಾಪಸು ಬಂದವು.

“ಊರಿಗೆ ಯಾವಾಗ ಹೊರಡ್ತೀರಿ?” ಅಂತ ಕೇಳಿದರು ಅನ್ನಪೂರ್ಣಮ್ಮ.

ಕೊಟ್ಟೂರಪ್ಪ ಬೂದಿಯನ್ನು ಕಡ್ಡಿಯಿಂದ ಪಕ್ಕಕ್ಕೆ ಸರಿಸಿದರು.

“ಇನ್ನೂ ಕೆಂಡ ಅದಾವೆ,” ಅಂದರು. “ಮತ್ತೊಂದು ಬಟ್ಟೆ ಕೊಡು.”